ನೆಟ್ಟಗೆ ಕೊಯ್ಯದ ಯಂತ್ರ ಮತ್ತು ಟೇಲರಮ್ಮನ ಮೇಜು

ಮಟ್ಟದ ಸಾಹೇಬರಿಗೆ ಈ ಲೋಕದ ಮೇಲೆ ಇದ್ದದ್ದು ಒಂದೇ ತಕರಾರು. ಇಲ್ಲಿ ಯಾವುದೂ ನೆಟ್ಟಗಿಲ್ಲ. ಗೋಡೆ ನೆಟ್ಟಗಿಲ್ಲ, ಕಿಟಕಿ ನೆಟ್ಟಗಿಲ್ಲ, ಗೋಡೆಯ ಮೇಲಿನ ಕ್ಯಾಲೆಂಡರ್ ನೆಟ್ಟಗಿಲ್ಲ, ಅದನ್ನು ನೇತುಹಾಕಿದವರಂತೂ ಮೊದಲೇ ನೆಟ್ಟಗಿಲ್ಲ. ಕಟ್ಟಡಗಳ ಮೇಲ್ವಿಚಾರಕರಾಗಿ ಮೂವತ್ತೊಂದು ವರ್ಷ ಅವರು ಮಾಡಿದ್ದು ಇದೇ ಕೆಲಸ: ಬೇರೆಯವರು ಕಟ್ಟಿದ್ದರ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, "ಸೊಟ್ಟ" ಎನ್ನುವುದು. ನಿವೃತ್ತಿಯ ದಿನ ಕಚೇರಿಯವರು ತೆಗೆಸಿದ ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಸಾಹೇಬರು ಮಾತ್ರ ಪಕ್ಕದ ಬಾಗಿಲಿನ ಚೌಕಟ್ಟು ನೋಡುತ್ತಿದ್ದಾರೆ.

ಈ ತೀರ್ಪುಗಳಿಗೆಲ್ಲ ಆಧಾರ ಒಂದು ಮೂಲೆಮಟ್ಟ. ಮರದ ಹಿಡಿ, ಉಕ್ಕಿನ ಅಲಗು, ಎರಡೂ ಕೂಡುವಲ್ಲಿ ತೊಂಬತ್ತು ಡಿಗ್ರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡದ್ದು. ಕೊಂಡ ಕೆಲವೇ ವರ್ಷಕ್ಕೆ ಅದು, ಕಟ್ಟುತ್ತಿದ್ದ ಕಟ್ಟಡವೊಂದರ ಮೊದಲ ಮಹಡಿಯಿಂದ ಜಾರಿ ಸಾಹೇಬರ ಕಾಲಿನ ಹೆಬ್ಬೆರಳಿನ ಮೇಲೇ ಬಿದ್ದಿತ್ತು. ಹದಿನೈದು ದಿನ ಬೆರಳಿಗೆ ಬ್ಯಾಂಡೇಜು. ಆ ನೋವಿನಲ್ಲೂ ರಜೆ ಹಾಕದೆ ಕುಂಟುತ್ತ ಕೆಲಸಕ್ಕೆ ಹೋದ ಕಥೆಯನ್ನು ಮನೆಗೆ ಬಂದವರಿಗೆಲ್ಲ ಅವರು ಹೇಳುತ್ತಿದ್ದರು. (ಬೆರಳನ್ನು ಡಾಕ್ಟರು ನೋಡಿದರು. ಮೂಲೆಮಟ್ಟವನ್ನು ಯಾರೂ ನೋಡಲಿಲ್ಲ. ಒರೆಸಿ ಪೆಟ್ಟಿಗೆಯಲ್ಲಿಟ್ಟರು, ಅಷ್ಟೆ.)

ಸಾಹೇಬರ ಹೆಂಡತಿ ಬೀದಿಗೆಲ್ಲ ಟೇಲರಮ್ಮ. ಮೂವತ್ತು ವರ್ಷದಿಂದ ನೆಲದ ಮೇಲೆ ಬಟ್ಟೆ ಹಾಸಿ, ಮೊಣಕಾಲೂರಿ, ಕತ್ತರಿ ಹಿಡಿದು ಕತ್ತರಿಸಿದವಳು. ಈಗ ಮೊಣಕಾಲು ಮುಷ್ಕರ ಹೂಡಿತ್ತು. ಅದರಲ್ಲೂ ಬಲಗಾಲು. "ಇನ್ನು ನೆಲದ ಮೇಲೆ ಕೂತು ಕೆಲಸ ಮಾಡೋ ಹಾಗಿಲ್ಲ. ಮೇಜು ಮಾಡಿಸ್ಕೊಳ್ಳಿ, ಇಲ್ಲಾಂದ್ರೆ ಕೆಲಸ ಬಿಡಿ" ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಕೆಲಸ ಬಿಡುವುದೆಂದರೆ ಅವಳಿಗೆ ಉಸಿರು ಬಿಡುವುದಕ್ಕಿಂತ ಹೆಚ್ಚು.

"ಬಡಗಿ ಅಣ್ಣನ್ನ ಕರೆಸ್ಲಾ?" ಎಂದಳು.

ಸಾಹೇಬರ ಮುಖ ಕೆಂಪಾಯಿತು. "ಯಾರು, ಆ ಸೊಟ್ಟ ಬಡಗೀನಾ?"

ಇಪ್ಪತ್ತೆರಡು ವರ್ಷದ ಹಿಂದೆ ಈ ಮನೆ ಕಟ್ಟಿದಾಗ ಬಾಗಿಲು ಕಿಟಕಿ ಮಾಡಿದ್ದು ಆ ಬಡಗಿಯೇ. ಅಡುಗೆಮನೆ ಬಾಗಿಲಿಗೆ ಸಾಹೇಬರು ಮೂಲೆಮಟ್ಟ ಹಿಡಿದು "ಸೊಟ್ಟ" ಎಂದರು. ಮೇಲಿನ ಕೀಲಿನ ಹಿಂದೆ ಒಂದು ಮರದ ಚಕ್ಕೆ ತುರುಕಿಸಿ, ತಮ್ಮ ಮಟ್ಟಕ್ಕೆ ಸರಿಬರುವವರೆಗೂ ಬಿಡಲಿಲ್ಲ. ಬಡಗಿ ಏನೋ ಹೇಳಲು ಬಾಯಿ ತೆರೆದಿದ್ದ. "ನನಗೇ ಪಾಠ ಹೇಳ್ಕೊಡ್ತೀಯಾ?" ಎಂದು ಗದರಿ ಕಳಿಸಿಬಿಟ್ಟಿದ್ದರು. ಅಂದಿನಿಂದ ಆ ಬಾಗಿಲು ನೆಲಕ್ಕೆ ಕರಕರ ಉಜ್ಜುತ್ತದೆ. ಟೇಲರಮ್ಮ ಎರಡೂ ಕೈಯಲ್ಲಿ ತಟ್ಟೆ ಪಾತ್ರೆ ಹಿಡಿದು ಬಂದು ಬಲ ಮೊಣಕಾಲಿನಿಂದ ಒಂದು ಗುದ್ದು ಕೊಟ್ಟರೆ ಮಾತ್ರ ತೆರೆದುಕೊಳ್ಳುತ್ತದೆ.

"ಯಾವ ಬಡಗೀನೂ ಬೇಡ. ನಿನ್ನ ಮೇಜು ನಾನೇ ಮಾಡ್ತೀನಿ" ಎಂದು ಸಾಹೇಬರು ಘೋಷಿಸಿದರು.

ಘೋಷಣೆಯಾದ ವಾರದಲ್ಲಿ ಹಿಂದಿನ ಕೋಣೆಗೆ ಒಂದು ಬ್ಯಾಂಡ್‌ಸಾ ಬಂದಿಳಿಯಿತು. ಮುಚ್ಚುತ್ತಿದ್ದ ಪೀಠೋಪಕರಣದ ಅಂಗಡಿಯೊಂದರ ಹಳೇ ಯಂತ್ರ. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಬಳಸಿ ಓಡುವ ಹಲ್ಲಿನ ಪಟ್ಟಿ, ನಡುವೆ ಕಬ್ಬಿಣದ ಹಾಸು. ಹಲಗೆಯನ್ನು ಹಾಸಿನ ಮೇಲಿಟ್ಟು ತಳ್ಳಿದರೆ ಪಟ್ಟಿ ಕೊಯ್ದು ಕೊಡಬೇಕು. ಹಲಗೆ ಅತ್ತಿತ್ತ ಹೋಗದ ಹಾಗೆ ಪಕ್ಕದಲ್ಲಿ ಒರಗಲು ಒಂದು ಕಬ್ಬಿಣದ ತಡೆ. ಅದಕ್ಕೆ ಫೆನ್ಸ್ ಎಂದು ಹೆಸರು.

ಮೊದಲ ದಿನ ಯಂತ್ರ ಗುಂಯ್ ಎಂದಿತು, ಹಲಗೆ ತಳ್ಳಿದರೆ ಹೊಗೆ ಬಂತು, ಕೊಯ್ತ ಮಾತ್ರ ಬರಲಿಲ್ಲ. ಸಾಹೇಬರು ಇನ್ನೂ ಜೋರಾಗಿ ತಳ್ಳಿದರು. ಮರ ಕಪ್ಪಾಯಿತು. ಸುಟ್ಟ ವಾಸನೆಗೆ ಓಡಿಬಂದ ಟೇಲರಮ್ಮ ಯಂತ್ರ ನಿಲ್ಲಿಸಿ, ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು.

"ರೀ, ಹಲ್ಲು ಮೇಲಕ್ಕೆ ನೋಡ್ತಿವೆಯಲ್ರೀ? ಪಟ್ಟಿ ಕೆಳಗೆ ಓಡುತ್ತೆ, ಹಲ್ಲೂ ಕೆಳಗೆ ನೋಡ್ಬೇಕಲ್ವಾ?"

"ತಿರುಗಿಸಿ ಹಾಕಿ ನೋಡ್ದೆ ಕಣೇ. ತಲೆ ಕೆಳಗೆ ಮಾಡಿದ್ರೂ ಹಾಗೇ ಬರುತ್ತೆ. ಅಂಗಡಿಯವನು ತಪ್ಪು ಪಟ್ಟಿ ಕೊಟ್ಟಿದಾನೆ."

ಅವಳು ಮಾತಾಡದೆ ಅಂಗೈಗೆ ಬಟ್ಟೆ ಸುತ್ತಿಕೊಂಡು ಪಟ್ಟಿಯನ್ನು ಹೊರತೆಗೆದಳು. ಹೊಲಿದ ತೋಳನ್ನು ಒಳಹೊರಗು ಮಾಡುವ ಹಾಗೆ ಒಂದು ಸಲ ಮಗುಚಿದಳು. ಹಲ್ಲು ಕೆಳಗೆ ನೋಡಿದವು. ಸಾಹೇಬರು "ಅದನ್ನೇ ಮಾಡೋಣ ಅಂತಿದ್ದೆ" ಎಂದರು. (ಗಂಡಸರ ಬಾಯಲ್ಲಿ ಈ ಮಾತು ಎಷ್ಟು ಹಳೆಯದೆಂದು ಯಾರೂ ಲೆಕ್ಕ ಇಟ್ಟಿಲ್ಲ.)

ಈಗ ಯಂತ್ರ ಕೊಯ್ಯಿತು. ಆದರೆ ನೆಟ್ಟಗೆ ಕೊಯ್ಯಲಿಲ್ಲ. ಆ ತುದಿಯಲ್ಲಿ ನಾಲ್ಕಿಂಚು ಇದ್ದ ಹಲಗೆ ಈ ತುದಿಗೆ ಬರುವಷ್ಟರಲ್ಲಿ ಮೂರೂಕಾಲು. ಅಂಥ ಎರಡು ಹಲಗೆ ಜೋಡಿಸಿಟ್ಟರೆ ನಡುವಿನ ಸಂದಿಯಲ್ಲಿ ಒಂದು ಕಡೆ ಸೂಜಿ ಬಿದ್ದುಹೋಯಿತು, ನಡುವೆ ಗುಂಡಿ ಬಿದ್ದುಹೋಯಿತು, ಇನ್ನೊಂದು ತುದಿಯಲ್ಲಿ ದಾರದ ಉಂಡೆಯೇ ಇಳಿಯಿತು. ಬೀಳಿಸಿ ನೋಡಿದವಳು ಟೇಲರಮ್ಮ. ಬಗ್ಗಿ ಹೆಕ್ಕಿದವರು ಸಾಹೇಬರು.

ಮುಂದಿನ ಎರಡು ತಿಂಗಳು ಆ ಮನೆಯಲ್ಲಿ ವಿಚಾರಣಾ ಆಯೋಗ ನಡೆಯಿತು. ಪಟ್ಟಿ ಸಡಿಲವೆಂದು ಸಾಹೇಬರು ಬಿಗಿ ಮಾಡಿದರು. ಬೆರಳಿನಿಂದ ಮೀಟಿದರೆ ತಂತಿಯಂತೆ ನುಡಿಯಿತು, ಕೊಯ್ತ ಮಾತ್ರ ಸೊಟ್ಟ. ಪಟ್ಟಿ ಚಕ್ರದ ಅಂಚಿಗೆ ಸರಿಯುತ್ತಿದೆ ಎಂದು ಮೇಲಿನ ಚಕ್ರವನ್ನು ಕೂದಲೆಳೆಯಷ್ಟು ವಾಲಿಸಿ ನಡುವೆ ಓಡುವಂತೆ ಮಾಡಿದರು. ಸೊಟ್ಟ. ಪಟ್ಟಿಯ ಎರಡೂ ಪಕ್ಕ ಕಾವಲಿಗಿರುವ ಪುಟ್ಟ ಉರುಳೆಗಳು ದೂರವಿವೆ ಎಂದು, ಟೇಲರಮ್ಮನ ಅಳತೆ ಕಾಗದದ ಒಂದು ಚೂರನ್ನು ಸಂದಿಗಿಟ್ಟು ಅಷ್ಟೇ ಅಂತರಕ್ಕೆ ತಂದರು. (ಆ ಚೂರಿನಲ್ಲಿ ಯಾರದೋ ರವಿಕೆಯ ಕುತ್ತಿಗೆ ಇತ್ತು. ಅದರ ಪರಿಣಾಮ ಬೇರೆ ಕಥೆ.) ಆಗಲೂ ಸೊಟ್ಟ. ಹಲ್ಲು ಮೊಂಡಾಗಿದೆ ಎಂದು ಹೊಸ ಪಟ್ಟಿ ತಂದರು. ಹೊಸ ಪಟ್ಟಿ ಸೊಟ್ಟಗೆ ಕೊಯ್ಯುವುದರಲ್ಲಿ ಹಳೆಯದಕ್ಕಿಂತ ಚುರುಕಾಗಿತ್ತು.

ಪ್ರತಿ ಸಲವೂ ಫೆನ್ಸ್ ಕೂರಿಸುವುದು ಮಾತ್ರ ಶಾಸ್ತ್ರೋಕ್ತವಾಗಿ. ಹಾಸಿನ ಮುಂದಿನ ಅಂಚಿಗೆ ಮೂಲೆಮಟ್ಟದ ಹಿಡಿ ಒತ್ತಿ, ಅಲಗಿಗೆ ಸರಿಯಾಗಿ ಫೆನ್ಸ್ ಒರಗಿಸಿ, ತಿರುಪು ಬಿಗಿದು, ಒಂದು ಕಣ್ಣು ಮುಚ್ಚಿ, "ಇದೊಂದು ನೆಟ್ಟಗಿದೆ" ಎನ್ನುತ್ತಿದ್ದರು.

ಟೇಲರಮ್ಮ ಅಷ್ಟು ದಿನವೂ ಮಂಚದ ಮೇಲೆ ಬಟ್ಟೆ ಹಾಸಿ, ನಿಂತು ಬಗ್ಗಿ ಕತ್ತರಿಸುತ್ತಿದ್ದಳು. ಮೊಣಕಾಲಿನ ಜೊತೆಗೆ ಈಗ ಸೊಂಟವೂ ಸೇರಿತ್ತು. ಒಂದು ದಿನ ಸೊಂಟ ಹಿಡಿದುಕೊಂಡು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಳು.

"ಆ ಕಬ್ಬಿಣದ ತಡೆ ತೆಗೆದುಹಾಕಿ ಒಂದು ಸಲ ಕೊಯ್ದು ನೋಡಿ. ಹಲಗೆ ಮೇಲೆ ಗೆರೆ ಎಳೀರಿ, ಗೆರೆ ಹಿಡ್ಕೊಂಡು ಬರೀ ಕೈಯಲ್ಲಿ ಹೋಗಿ. ಅದು ಯಾವ ಕಡೆಯಿಂದ ಬಾ ಅನ್ನುತ್ತೋ ಆ ಕಡೆಯಿಂದ ಕೊಡಿ. ಬಟ್ಟೇನೂ ಹಾಗೇನೇ. ಎಳೆ ಯಾವ ಕಡೆ ಓಡುತ್ತೆ ಅಂತ ನೋಡದೆ ಕತ್ತರಿ ಹಾಕಿದ್ರೆ ಅಂಗಿ ತಿರುಚಿಕೊಳ್ಳುತ್ತೆ."

"ಇದು ಯಂತ್ರ ಕಣೇ, ಲಂಗ ಅಲ್ಲ."

"ಆಯ್ತು. ಭಾನುವಾರದವರೆಗೆ ನೋಡ್ತೀನಿ. ಆಮೇಲೆ ನಾನು ಬಡಗಿ ಅಣ್ಣನ್ನ ಕರೆಸ್ತೀನಿ."

ಜಗಳದ ದನಿಯಲ್ಲಿ ಹೇಳಿದ್ದರೆ ಸಾಹೇಬರು ಜಗಳ ಆಡಬಹುದಿತ್ತು. ಅವಳು ದಣಿದ ದನಿಯಲ್ಲಿ ಹೇಳಿದಳು.

ಮರುದಿನ ಅವಳು ಗುಂಡಿ, ದಾರ ತರಲು ಪೇಟೆಗೆ ಹೋದದ್ದನ್ನು ಖಚಿತಪಡಿಸಿಕೊಂಡು ಸಾಹೇಬರು ಫೆನ್ಸ್ ತೆಗೆದರು. ಹಲಗೆಯ ಮೇಲೆ ಗೆರೆ ಎಳೆದು ಬರೀ ಕೈಯಲ್ಲಿ ಮೆಲ್ಲಗೆ ತಳ್ಳಿದರು. ಪಟ್ಟಿ ಗೆರೆ ಬಿಟ್ಟು ಕದಲಲಿಲ್ಲ! ಅರ್ಧ ಹಲಗೆಗೆ ಯಂತ್ರ ನಿಲ್ಲಿಸಿ, ಹಲಗೆ ಹೇಗೆ ನಿಂತಿದೆಯೋ ಹಾಗೇ ಹಾಸಿನ ಮೇಲೆ ಪೆನ್ಸಿಲ್ ಗುರುತು ಹಾಕಿ, ಫೆನ್ಸನ್ನು ಆ ಗುರುತಿಗೆ ಕೂರಿಸಿದರು. ಮುಂದಿನ ಹಲಗೆ ಬೆಣ್ಣೆಯಲ್ಲಿ ದಾರ ಎಳೆದಂತೆ ಬಂತು. ಆ ತುದಿ ನಾಲ್ಕಿಂಚು, ಈ ತುದಿ ನಾಲ್ಕಿಂಚು. ಸಾಹೇಬರಿಗೆ ಒಬ್ಬರೇ ಕುಣಿಯಬೇಕೆನಿಸಿತು. ವಯಸ್ಸು ನೋಡಿ ಬಿಟ್ಟರು.

ಆದರೆ ಮೂಲೆಮಟ್ಟ ಇಟ್ಟು ನೋಡಿದರೆ ಫೆನ್ಸ್ ಸೊಟ್ಟ! ಸಾಹೇಬರು ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದರು. ಫೆನ್ಸ್ ಸೊಟ್ಟ ಇಟ್ಟರೆ ಕೊಯ್ತ ನೆಟ್ಟಗೆ ಬರುತ್ತದೆ ಎಂದರೆ ಅರ್ಥವೇನು? ಪಟ್ಟಿಯ ಸ್ವಭಾವವೇ ಸೊಟ್ಟ ಎಂದಲ್ಲವೆ? ಯೋಚಿಸುತ್ತ ಹೋದಂತೆ ಅವರಿಗೆ ಪಟ್ಟಿ ಮರೆತು ಸಂಸಾರ ಕಾಣತೊಡಗಿತು. ಮನಸ್ಸು ತುಂಬಿ ಬಂತು.

ಶನಿವಾರದ ಹೊತ್ತಿಗೆ ಮೇಜು ನಿಂತಿತು. ಮೇಲಿನ ಹಲಗೆಗಳ ನಡುವೆ ಸೂಜಿಯೂ ಇಳಿಯುವಂತಿರಲಿಲ್ಲ. ಕಾಲುಗಳಿಗೂ ಅಡ್ಡಪಟ್ಟಿಗಳಿಗೂ ಗುರುತು ಹಾಕಿದ್ದು ಮಾತ್ರ ನಂಬಿಕಸ್ತ ಮೂಲೆಮಟ್ಟದಿಂದಲೇ. ಸಾಹೇಬರು ಹೆಂಡತಿಯನ್ನು ಕರೆದು ಮೇಜಿನ ಮುಂದೆ ನಿಲ್ಲಿಸಿ ಕೆಮ್ಮಿದರು.

"ನೋಡು, ಈ ಎರಡು ತಿಂಗಳಲ್ಲಿ ನಾನೊಂದು ಸತ್ಯ ಕಂಡ್ಕೊಂಡೆ. ಪ್ರತಿ ಪಟ್ಟಿಗೂ ಹುಟ್ಟಿನಿಂದ ಬಂದ ಒಂದು ಸೊಟ್ಟ ಇರುತ್ತೆ. ಅದನ್ನ ತಿದ್ದೋಕಾಗಲ್ಲ. ತಿಳಿದವನು ಏನ್ಮಾಡ್ತಾನೆ? ಅದರ ಸೊಟ್ಟಕ್ಕೆ ತಾನು ಹೊಂದ್ಕೋತಾನೆ. ಮೂವತ್ತು ವರ್ಷದಿಂದ ನಮ್ಮ ಸಂಸಾರದಲ್ಲೂ ಅದೇ ನಡೆದಿದೆ. ನಾನು ಹೊಂದ್ಕೊಂಡೆ. ಅದಕ್ಕೇ ಎಲ್ಲಾ ನೆಟ್ಟಗೆ ನಡೀತು."

ಟೇಲರಮ್ಮ ದಾರದ ಉಂಡೆಯೊಂದನ್ನು ಮೇಜಿನ ನಡುವೆ ಇಟ್ಟಳು. ಉಂಡೆ ಒಂದು ಕ್ಷಣ ಯೋಚಿಸಿ, ನಿಧಾನವಾಗಿ ಹೊರಟು, ಅಂಚಿನವರೆಗೆ ಹೋಗಿ ಕೆಳಗೆ ಬಿತ್ತು. ಮೇಜಿನ ಮೇಲೆ ಕೈಯೂರಿದಳು. ಮೇಜು ಟಕ್ ಎಂದು ಆ ಕಾಲಿನಿಂದ ಈ ಕಾಲಿಗೆ ವಾಲಿತು.

"ನೆಲ ಸೊಟ್ಟಗಿದೆ" ಎಂದರು ಸಾಹೇಬರು.

ಭಾನುವಾರ ಬೆಳಿಗ್ಗೆ ಬಡಗಿ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಸಾಹೇಬರು ಪೇಪರಿನ ಹಿಂದೆ ಅವಿತು ಒಂದೇ ಪುಟವನ್ನು ಓದುತ್ತಿದ್ದರು. ಬಡಗಿ ಮೇಜಿನ ಮೇಲೆ ಕೈಯಾಡಿಸಿ, "ಹಲಗೆ ಚೆನ್ನಾಗಿ ಕೊಯ್ದಿದೀರ, ಸಾಹೇಬ್ರೇ" ಎಂದ. ಪೇಪರು ಒಂದಿಂಚು ಇಳಿಯಿತು.

"ಪಟ್ಟಿ ಸೊಟ್ಟ ಇತ್ತು. ನಾನು ಅದಕ್ಕೆ ತಕ್ಕ ಹಾಗೆ ಫೆನ್ಸನ್ನೂ ಸೊಟ್ಟ ಮಾಡಿ ಕೂರಿಸ್ದೆ."

ಬಡಗಿ ಯಂತ್ರದ ಬಳಿ ಹೋದ. ಹಾಸಿನಲ್ಲಿ, ಹಲಗೆ ಸಾಗಬೇಕಾದ ದಿಕ್ಕಿಗೇ, ಕಾರ್ಖಾನೆಯವರೇ ಕೊರೆದ ಒಂದು ಉದ್ದನೆಯ ತೋಡು ಇತ್ತು. ಆ ತೋಡಿನಿಂದ ಫೆನ್ಸಿಗೆ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆದ. "ಎರಡೂ ಕಡೆ ಒಂದೇ ಇದೆಯಲ್ಲ? ಫೆನ್ಸ್ ಸೊಟ್ಟ ಇಲ್ಲ. ಪಟ್ಟೀನೂ ಸೊಟ್ಟ ಇಲ್ಲ." ಸ್ವಲ್ಪ ಅಳುಕಿ, "ಆ ಮೂಲೆಮಟ್ಟ ಒಂದು ಸಲ ಕೊಡ್ತೀರಾ? ಆವತ್ತೂ ಇದನ್ನೇ ಕೇಳೋಣ ಅಂತಿದ್ದೆ" ಎಂದ.

ಮೂಲೆಮಟ್ಟದ ಹಿಡಿಯನ್ನು ಮೇಜಿನ ಅಂಚಿಗೆ ಒತ್ತಿ ಒಂದು ಗೆರೆ ಎಳೆದ. ಅದೇ ಚುಕ್ಕೆಯಿಂದ, ಮೂಲೆಮಟ್ಟವನ್ನು ಮಗುಚಿಟ್ಟು ಇನ್ನೊಂದು ಗೆರೆ ಎಳೆದ. ಮೂಲೆ ಸರಿಯಿದ್ದರೆ ಎರಡು ಗೆರೆ ಒಂದರ ಮೇಲೊಂದು ಬೀಳಬೇಕು. ಇಲ್ಲಿ ಒಂದೇ ಚುಕ್ಕೆಯಿಂದ ಹೊರಟ ಗೆರೆಗಳು ಗೇಣು ದೂರ ಹೋಗುವಷ್ಟರಲ್ಲಿ ಬೇರೆ ಬೇರೆ ಊರಿನ ದಾರಿ ಹಿಡಿದಿದ್ದವು. ಟೇಲರಮ್ಮ ಡಬ್ಬಿಯಿಂದ ಒಂದು ಅಂಗಿ ಗುಂಡಿ ತೆಗೆದು ನಡುವೆ ಇಟ್ಟಳು. ಆರಾಮವಾಗಿ ಕೂತಿತು.

"ಎಲ್ಲಾದ್ರೂ ಬಿದ್ದಿತ್ತಾ ಇದು?" ಬಡಗಿ ಕೇಳಿದ.

ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ ಆ ಕಥೆಯನ್ನು ಸಾಹೇಬರು ಅಂದು ಮೊದಲ ಸಲ ಹೇಳಲಿಲ್ಲ. ಕಾಲಿನ ಹೆಬ್ಬೆರಳನ್ನು ಚಪ್ಪಲಿಯೊಳಗೆ ಮಡಿಸಿಕೊಂಡರು. ಆ ಕಟ್ಟಡದ ನಂತರ ತಾವು "ಸೊಟ್ಟ" ಎಂದ ಬಾಗಿಲುಗಳೆಲ್ಲ ಕಣ್ಣಮುಂದೆ ಸಾಲಾಗಿ ನಿಂತವು. ಎಷ್ಟು ಜನ ಬಡಗಿಗಳು ಬಾಯಿ ತೆರೆದು ಮುಚ್ಚಿದ್ದರೋ!

"ಆ ಚಕ್ಕೆ ಇನ್ನೂ ಇದೆಯಾ?" ಎಂದ ಬಡಗಿ. ಉತ್ತರಕ್ಕೆ ಕಾಯದೆ ಅಡುಗೆಮನೆ ಬಾಗಿಲಿನ ಬಳಿ ನಿಂತು, ಮೇಲಿನ ಕೀಲು ಸಡಿಲಿಸಿ, ಕಪ್ಪಾದ ಮರದ ಚಕ್ಕೆಯೊಂದನ್ನು ಎಳೆದು ಹಾಕಿ ಮತ್ತೆ ಬಿಗಿದ. ಕಿರುಬೆರಳಿನಿಂದ ದೂಡಿದ. ಇಪ್ಪತ್ತೆರಡು ವರ್ಷ ಕರಕರ ಎಂದ ಬಾಗಿಲು ಸದ್ದೇ ಇಲ್ಲದೆ ತೆರೆದುಕೊಂಡಿತು.

ಸಾಹೇಬರು ಹೆಂಡತಿಯ ಕಡೆ ತಿರುಗಿದರು. "ನೀನ್ಯಾಕೆ ಒಂದು ಸಲಾನೂ ಹೇಳ್ಲಿಲ್ಲ?"

"ಹೇಳಿದ್ನಲ್ಲ. ಬಾಗಿಲು ಉಜ್ಜುತ್ತೆ ಅಂದೆ. ಬಾಗಿಲು ಸರಿಯಾಗಿದೆ, ನೀನು ತಳ್ಳೋದು ಸೊಟ್ಟ ಅಂದ್ರಿ. ಆಮೇಲೆ ಮೊಣಕಾಲಲ್ಲಿ ತಳ್ಳೋದು ರೂಢಿ ಮಾಡ್ಕೊಂಡೆ." ದೂರುವ ದನಿಯೇ ಇರಲಿಲ್ಲ. ಹೇಳುತ್ತಲೇ ಬಲ ಮೊಣಕಾಲನ್ನು ಒತ್ತಿಕೊಂಡಳು. ಅವಳಿಗೆ ಅದು ಗೊತ್ತೂ ಆಗಲಿಲ್ಲ.

ಸಾಹೇಬರಿಗೆ ಗೊತ್ತಾಯಿತು. ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷ! ಮುಖ ಎಲ್ಲಿಡಬೇಕೆಂದು ತಿಳಿಯದೆ ಪೇಪರು ಹುಡುಕಿದರು, ಅದು ಕೈಯಲ್ಲೇ ಇತ್ತು. ಯಾರು ಯಾರ ಸೊಟ್ಟಕ್ಕೆ ಹೊಂದಿಕೊಂಡರು ಎಂದು ನಿನ್ನೆ ತಾವು ಮಾಡಿದ ಭಾಷಣ ನೆನಪಾಗಿ ನಾಚಿಕೆಯಾಯಿತು. ಬಡಗಿಯ ಬಳಿ ಹೋಗಿ, "ಆವತ್ತು ನಿನ್ನ ಮಾತು ಕೇಳ್ಬೇಕಿತ್ತು. ತಪ್ಪಾಯ್ತಪ್ಪಾ" ಎಂದರು. ಬಡಗಿ ಗಾಬರಿಯಾಗಿ ಉಳಿ ಕೆಳಗೆ ಬೀಳಿಸಿದ.

ಸಂಜೆಯ ಹೊತ್ತಿಗೆ ಮೇಜಿನ ಕಾಲುಗಳು ಬಡಗಿಯ ಮಟ್ಟಕ್ಕೆ ಸರಿಯಾದವು. ಟೇಲರಮ್ಮ ಉಂಡೆ ಇಟ್ಟಳು, ಅದು ಇಟ್ಟಲ್ಲೇ ನಿಂತಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ನಿಂತು ಬಟ್ಟೆಗೆ ಕತ್ತರಿ ಹಾಕಿದಳು. ಸಾಹೇಬರು ಅವಳ ಮುಖವನ್ನೇ ನೋಡಿದರು. ಆಮೇಲೆ ಮೂಲೆಮಟ್ಟ ಎತ್ತಿಕೊಂಡು ಕಸದ ಡಬ್ಬದ ಕಡೆ ಹೊರಟರು.

"ಕೊಡಿ ಇಲ್ಲಿ" ಎಂದು ಅವಳು ಕಸಿದುಕೊಂಡಳು. "ಬೇಕಾಗುತ್ತೆ."

"ಸೊಟ್ಟ ಮಟ್ಟ ಯಾವ ಕೆಲಸಕ್ಕೆ ಬರುತ್ತೆ?"

"ನೀವು ಇನ್ನೊಂದು ಸಲ ಯಾರನ್ನಾದ್ರೂ ಸೊಟ್ಟ ಅಂದಾಗ ತೋರಿಸೋಕೆ."

ಅಂದೇ ಅದು ಹೊಸ ಮೇಜಿನ ಎದುರಿನ ಗೋಡೆಯ ಮೊಳೆಗೆ ಏರಿತು. ಸ್ವಲ್ಪ ಒಂದು ಕಡೆಗೆ ವಾಲಿಕೊಂಡೇ ತೂಗಿತು. ಸಾಹೇಬರು ಒಂದು ಕಣ್ಣು ಮುಚ್ಚಿ ನೋಡಿದರು. ನೆಟ್ಟಗೆ ಮಾಡೋಣವೆಂದು ಕೈಯೆತ್ತಿದರು. ಹಿಂದಿನಿಂದ ಕತ್ತರಿಯ ಸದ್ದು ನಿಂತಿತು. ಸಾಹೇಬರು ಆ ಕೈಯಿಂದಲೇ ತಲೆ ಕೆರೆದುಕೊಂಡು, ಬಟ್ಟೆಯ ತುದಿ ಹಿಡಿಯಲು ಮೇಜಿನ ಆಚೆ ಬದಿಗೆ ಹೋದರು.