ವಾಯು, ಹವಾ ಮತ್ತು ಒಂದು ಥರ್ಮೋಕೋಲ್ ಪೆಟ್ಟಿಗಿ

ನಾ ಮಾಡೋ ಕೆಲಸ ಏನು ಅಂತ ಯಾರಿಗರೆ ತಿಳಿಸಿ ಹೇಳಾಕ ಹೋದೆ ಅಂದ್ರ, ಅಲ್ಲೊಂದು ಫಜೀತಿ ಹುಟ್ಟಿತು ಅಂತನ ತಿಳೀರಿ. ಇಷ್ಟು ವರ್ಷ ಆತು, ಇನ್ನೂ ನಿಂತಿಲ್ಲ.

ಕೆಲಸ ನೋಡಿದ್ರ ಸಾದಾ ಐತಿ. ಹೈದರಾಬಾದಿನ ನಮ್ಮ ಲ್ಯಾಬಿನಿಂದ ದೊಡ್ಡ ಬಲೂನಿಗೆ ಒಂದು ಥರ್ಮೋಕೋಲ್ ಪೆಟ್ಟಿಗಿ ಕಟ್ಟಿ ಮ್ಯಾಲ ಬಿಡ್ತೀವಿ. ಯಾವ ಎತ್ತರದಾಗ ಎಷ್ಟು ಓಝೋನ್ ಐತಿ ಅಂತ ಪೆಟ್ಟಿಗಿಯೊಳಗಿನ ಯಂತ್ರ ಅಳೀತೈತಿ. ಮ್ಯಾಲ ಹೋಗಿ ಬಲೂನ್ ಒಡೀತೈತಿ, ಪೆಟ್ಟಿಗಿ ಸಣ್ಣ ಪ್ಯಾರಾಚೂಟಿನ್ಯಾಗ ಇಳೀತೈತಿ. ಎಲ್ಲಿ ಇಳೀತೈತಿ ಅನ್ನೋದು ಗಾಳಿಗೆ ಬಿಟ್ಟದ್ದು. ಗಾಳಿ ಪಶ್ಚಿಮಕ್ಕ ಬೀಸಿದ್ರ ಗಡಿ ದಾಟಿ ಕರ್ನಾಟಕದ ಹೊಲದಾಗ ಬೀಳತೈತಿ. ಲ್ಯಾಬಿನ್ಯಾಗ ಕನ್ನಡ ಬರೋದು ನನಗೊಬ್ಬಾಕಿಗೆ. ಹಿಂಗಾಗಿ ವಿಜ್ಞಾನಿ ಅಂತ ಸೇರಿದಾಕಿ ಪೆಟ್ಟಿಗಿ ಹುಡುಕೋ ಕೆಲಸಕ್ಕ ನಿಂತೆ.

ನಾ ಹೇಳ್ತಿರೋ ವರ್ಷ ನಮ್ಮ ಹತ್ರ ಉಳಿದಿದ್ದು ಒಂದ ಯಂತ್ರ. ಅದನ್ನ ಹಾರಸಬೇಕು, ಅದನ್ನ ಹುಡುಕಿ ತಂದು ಬಾಲಾನಗರದ ವರ್ಕ್‌ಶಾಪಿನ್ಯಾಗ ರಿಪೇರಿ ಮಾಡಿಸಿ, ಮತ್ತ ಅದನ್ನ ಹಾರಸಬೇಕು. ಒಂದು ತಿಂಗಳೂ ತಪ್ಪದಂಗ ವರ್ಷ ತುಂಬ ಅಳೀಬೇಕು ಅನ್ನೋದು ನನ್ನ ಹಟ. "ಅದೂ ಕಳೀತು ಅಂದ್ರ ನಿಮ್ಮ ಹಟಾನೂ ಬಂದ್, ಬಲೂನೂ ಬಂದ್" ಅಂತ ನಮ್ಮ ಸಾಹೇಬ್ರು ತೆಲುಗಿನ್ಯಾಗ ಹೇಳಿಬಿಟ್ಟಿದ್ರು.

ಎಡಗಾಲಿನ ವಾಯು

ಪೆಟ್ಟಿಗಿ ಮ್ಯಾಲ ಕನ್ನಡದಾಗ ಒಂದು ಚೀಟಿ ಅಂಟಿಸಬೇಕಿತ್ತು. ನಾ ಬೆಳೆದಿದ್ದು ಹೈದರಾಬಾದಿನ ನಾರಾಯಣಗೂಡದಾಗ. ಮನಿಯೊಳಗ ಕನ್ನಡ, ಹೊಸ್ತಿಲ ದಾಟಿದ್ರ ತೆಲುಗು. ಮಾತಾಡೂ ಅಂದ್ರ ಮಾತಾಡ್ತೀನಿ, ಬರೀ ಅಂದ್ರ ಬೆವರು ಬರತೈತಿ. ಆದ್ರೂ ಡಿಕ್ಷನರಿ ನೋಡಿ ಭಾಳ ಠೀವಿಯಿಂದ ಬರದೆ: 'ವಾಯು ಪರೀಕ್ಷೆಯ ಪೆಟ್ಟಿಗೆ. ಸಿಕ್ಕವರು ದಯವಿಟ್ಟು ಫೋನ್ ಮಾಡಿ.'

ಮೊದಲನೇ ಫೋನ್ ಬಂತು. ಗಡಿ ಆಚೆಯ ಒಂದು ಹಳ್ಳಿಯ ಅಜ್ಜಾರು.

"ಅಕ್ಕಾರ, ವಾಯು ಪರೀಕ್ಷಾ ಮಾಡೋರು ನೀವ ಏನ್ರಿ?"

"ಹೌದ್ರಿ ಅಜ್ಜಾರ, ನಾನ. ಎಲ್ಲಿ ಬಿದ್ದೈತ್ರಿ?"

"ಬಿದ್ದಿಲ್ರಿ, ಹಿಡದೈತಿ. ಎಡಗಾಲ ಮೊಳಕಾಲಾಗ."

ನನಗ ತಿಳೀಲೇ ಇಲ್ಲ. "ಪೆಟ್ಟಿಗಿ ಮೊಳಕಾಲಿಗೆ ಬಡೀತೇನ್ರಿ?" ಅಂದೆ ಗಾಬರಿಯಿಂದ.

"ಪೆಟ್ಟಿಗಿ ಹೊಲದಾಗ ಬಿದ್ದಿತ್ತು, ಮನಿಗೆ ತಂದೀನಿ. ವಾಯು ಹಿಡದು ವರ್ಷಾತು. ಕುಂತ್ರ ಏಳಾಕ ಆಗವಲ್ದು. ನಿಮ್ಮ ಪೆಟ್ಟಿಗ್ಯಾಗ ಎಣ್ಣಿ ಇರಬೇಕಂತ ತಗದು ನೋಡಿದ್ವಿ. ಬರೇ ವಾಯರ್ ಅದಾವ."

ಮರುದಿನ ಹೋಗಿ, ದಾರ್ಯಾಗ ಕೊಂಡಿದ್ದ ನೋವಿನ ಎಣ್ಣಿ ಕೊಟ್ಟು ಪೆಟ್ಟಿಗಿ ಇಸಗೊಂಡೆ. ಯಂತ್ರ ನೆಟ್ಟಗಿತ್ತು. ಕಳಸಾಕ ಬಾಗಿಲತನಕ ಕುಂಟಕೋತ ಬಂದು ಅಜ್ಜಾರು, "ಮುಂದಿನ ಸರ್ತಿ ಬಲೂನಿನ್ಯಾಗ ಕಳಸೂವಾಗ ಎಣ್ಣಿ ಒಳಗ ಇಟ್ಟ ಕಳಸ್ರಿ, ನಿಮಗ್ಯಾಕ ಬರೋ ತ್ರಾಸ?" ಅಂದ್ರು.

ಮುಂದಿನ ಗಾಲಿ

ಮನಿಗೆ ಬಂದು ನಮ್ಮವ್ವಗ ಹೇಳಿದೆ. ಆಕಿ ಬಿದ್ದು ಬಿದ್ದು ನಕ್ಕಳು. "ವಾಯು ಅಂತ ಬರದ್ರ ಮಂದಿ ಇನ್ನೇನಂತಾರವಾ? ಹವಾ ಅಂತ ಬರಿ. ಕನ್ನಡದಾಗೂ ನಡೀತೈತಿ, ಹಿಂದಿಯೊಳಗೂ ನಡೀತೈತಿ." ಖರೇ ಅನಿಸ್ತು, ಚೀಟಿ ತಿದ್ದಿದೆ.

ಅಷ್ಟರಾಗ ನಾಂಪಲ್ಲಿ ಎಕ್ಸಿಬಿಷನ್ ಬಂತು. ಪೆಟ್ಟಿಗಿ ಸಿಕ್ಕರ ವಾಪಸ್ ಕೊಡ್ರಿ ಅಂತ ಮಂದಿಗೆ ತಿಳಿಸೋಣಂತ ನಾವೂ ಒಂದು ಸ್ಟಾಲ್ ಹಾಕಿದ್ವಿ. ಬೋರ್ಡಿನ ಮ್ಯಾಲ ದೊಡ್ಡಕ್ಷರದಾಗ ಹಿಂದಿಯೊಳಗ ಬರಸಿದೆ: 'ಇಲ್ಲಿ ಹವಾ ಪರೀಕ್ಷಾ ಮಾಡ್ತೀವಿ.'

ಒಬ್ಬ ಮನುಷ್ಯಾ ಹೆಲ್ಮೆಟ್ ಹಿಡಕೊಂಡು ಬಂದು ನಿಂತ. ನನಗ ಹುರುಪು ಬಂತು. ಮ್ಯಾಲಿನ ಓಝೋನ್ ಬಿಸಿಲಿನ ವಿಷ ತಡೀತೈತಿ, ಕೆಳಗಿನ ಓಝೋನ್ ನಮ್ಮ ಎದಿ ಸುಡತೈತಿ, ಗಾಡಿ ಹೊಗಿಗೆ ಬಿಸಿಲು ಬಿದ್ರ ಕೆಳಗಿನದು ಇನ್ನೂ ಹೆಚ್ಚಾಕತಿ ಅಂತ ಚಿತ್ರ ತೋರಿಸಿ ತೋರಿಸಿ ಹೇಳಿದೆ. ಗೋಣು ಹಾಕ್ಕೋತ ಪೂರಾ ಕೇಳಿದ. ಹಂತಾ ವಿದ್ಯಾರ್ಥಿ ನನಗ ಕಾಲೇಜಿನ್ಯಾಗೂ ಸಿಕ್ಕಿರಲಿಲ್ಲ.

ಎಲ್ಲಾ ಮುಗಿದ ಮ್ಯಾಲ ಮೆತ್ತಗ ದಖನಿ ಉರ್ದುವಿನ್ಯಾಗ ಕೇಳಿದ: "ಆಪಾ, ಅದೆಲ್ಲಾ ಸರಿ. ಗಾಡಿ ಹೊರಗೈತಿ. ಹಿಂದಿನ ಗಾಲಿ ಒಂದಕ್ಕ ಹಾಕ್ತೀರೋ, ಮುಂದಿನದಕ್ಕೂ ಹಾಕ್ತೀರೋ?"

ಕೆಳಗಿನ ಹವಾ

ಮುಂದಿನ ಸರ್ತಿ ಪೆಟ್ಟಿಗಿ ಬಿತ್ತು, ಫೋನ್ ಬರಲಿಲ್ಲ. ಗಾಳಿ ಲೆಕ್ಕ ಹಾಕಿ ಇಂಥಾ ಊರಿನ ಹತ್ರ ಇಳದೈತಿ ಅಂತ ಅಷ್ಟ ಗೊತ್ತಾಗಿತ್ತು. ಜೀಪ್ ತಗೊಂಡು ಹೋದ್ರ, ಊರಿನ್ಯಾಗ ಪಂಚಾಯಿತಿ ಎಲೆಕ್ಷನ್. ಚಾದ ಅಂಗಡಿ ಮುಂದ ಇಳದು, "ನಾವು ಹೈದರಾಬಾದಿನಿಂದ ಬಂದೀವ್ರಿ, ಹವಾ ನೋಡೋರು" ಅಂದೆ.

ಒಬ್ಬರು ಕುರ್ಚಿ ಹಾಕಿದ್ರು. ಇನ್ನೊಬ್ಬರು ಚಾ ಕೊಟ್ಟು ಕೇಳಿದ್ರು: "ಹ್ಯಾಂಗೈತ್ರಿ ಹವಾ?"

ಖರೇ ಹೇಳೋದು ನನ್ನ ಚಾಳಿ. "ಮ್ಯಾಲ ಚಲೋ ಐತ್ರಿ. ಕೆಳಗ ಭಾಳ ಕೆಟ್ಟೈತಿ" ಅಂದೆ.

ಅಷ್ಟ ಸಾಕಾತು. ನನ್ನ ಚಾ ಮುಗಿಯೋದರಾಗ ಹಳೇ ಅಧ್ಯಕ್ಷರು ಬಿಳಿ ಅಂಗಿ ಹಾಕ್ಕೊಂಡು ಬಂದು ಎದುರಿಗೆ ಕುಂತ್ರು. ಮಾರಿ ಸಪ್ಪಗಾಗಿತ್ತು. ಪೆಟ್ಟಿಗಿ ಕಳದೈತಿ ಅಂತ ಹೇಳಿದ್ದೇ ತಡ, ತಮ್ಮ ಮಂದೀನ್ನೆಲ್ಲಾ ಹೊಲಕ್ಕ ಅಟ್ಟಿದ್ರು. ನಾನು ಡ್ರೈವರ್ ಕೂಡಿ ಎರಡು ದಿನ ಹುಡುಕಿದ್ರೂ ಸಿಗತಿರಲಿಲ್ಲ, ಒಂದು ತಾಸಿನ್ಯಾಗ ತಂದು ಕೈಯಾಗ ಇಟ್ರು. ನನಗ ಅವರ ಮ್ಯಾಲ ಭಾಳ ಪ್ರೀತಿ ಬಂತು.

ಜೀಪ್ ಹತ್ತೂವಾಗ ಅಧ್ಯಕ್ಷರು ಹತ್ರ ಬಂದು ದನಿ ಇಳಿಸಿದ್ರು: "ಬಾಯಾರ, ಮ್ಯಾಲಿಂದು ಇದ್ದಂಗ ಇರ್ಲಿ. ಕೆಳಗಿಂದು ಮಾತ್ರ ಒಂದೀಟು ಸುಧಾರಿಸಿ ಬರೀರಿ."

ಒಳಗ ಇದ್ದಾಕಿ

ಆ ವರ್ಷಕ್ಕ ಇನ್ನು ಒಂದ ಹಾರಾಟ ಉಳಿದಿತ್ತು. ಅದರ ಹಿಂದಿನದು ಹೋಗಿ ಬಿದ್ದದ್ದು ಎಲ್ಲಿ ಅಂತ ಪತ್ತೆ ಇಲ್ಲ. ವಾರ ಆತು, ಫೋನಿಲ್ಲ. ನನಗ ಊಟ ರುಚಿಸವಲ್ದು. ಸಾಹೇಬ್ರು ಎದುರಾದಾಗೆಲ್ಲಾ "ಬಂತಾ?" ಅಂತಿದ್ರು, ನಾ ಬ್ಯಾರೆ ದಾರಿ ಹಿಡೀತಿದ್ದೆ.

ಕಡೀಕ ಒಂದಿನ ಒಬ್ಬಾಕಿ ಹೆಣ್ಣುಮಗಳ ಫೋನ್. "ನಿಮ್ಮ ಪೆಟ್ಟಿಗಿ ನಮ್ಮ ಮನ್ಯಾಗೈತ್ರಿ. ಅವಸರ ಇಲ್ಲಲ್ರಿ?"

ಅವಸರ ಇಲ್ಲೇನು! ಜೀಪ್ ಹಾರಿಸಿಕೊಂಡು ಹೋದೆ. ಹಿತ್ತಲ ಮೂಲಿಯೊಳಗ ನನ್ನ ಪೆಟ್ಟಿಗಿ ಇತ್ತು. ಮುಚ್ಚಳ ಇರಲಿಲ್ಲ. ಒಳಗ ಒಂದು ಕೆಂಪು ಕೋಳಿ ಕುಂತು ನನ್ನ ಕೆಕ್ಕರಿಸಿ ನೋಡತಿತ್ತು.

"ಕಾವಿಗೆ ಕುಂತೈತ್ರಿ" ಅಂದಳಾಕಿ. "ಬಿದಿರ ಬುಟ್ಟಿ ಇಟ್ರ ಒದ್ದು ಹೋಗತಿತ್ತು. ಇದರಾಗ ಬೆಚ್ಚಗಾಕತಿ ನೋಡ್ರಿ, ಏಳವಲ್ದು."

ನನ್ನ ಕಣ್ಣಿಗೆ ಕೋಳಿ ಕೆಳಗ ಅಪ್ಪಚ್ಚಿಯಾದ ಯಂತ್ರನ ಕಾಣಾಕತ್ತಿತು. "ತಂಗೀ, ಅದನ್ನ ಸ್ವಲ್ಪ ಎಬ್ಬಸವಾ. ನನ್ನ ವರ್ಷದ ಕೆಲಸ ಅದರಾಗೈತಿ" ಅಂತ ಕೈ ಮುಗದೆ.

"ಕಾವಿಗೆ ಕುಂತದ್ದನ್ನ ಎಬ್ಬಿಸಿದ್ರ ತತ್ತಿ ಹಾಳಾಕಾವ್ರಿ. ನಿಮ್ಮ ಹವಾ ಎಲ್ಲಿ ಹೋಗತೈತಿ? ಇವತ್ತಿಲ್ಲಾಂದ್ರ ನಾಳೆ ನೋಡ್ರಿ."

ಅಷ್ಟರಾಗ ಸಾಹೇಬ್ರ ಫೋನ್. "ಪೆಟ್ಟಿಗಿ ಸಿಕ್ತಾ?"

"ಸಿಕ್ಕೈತಿ ಸರ್, ಆದ್ರ ಒಳಗ ಒಬ್ಬಾಕಿ ಕುಂತಾಳ."

"ಯಾರು?"

"ಕೋಳಿ ಸರ್."

ಸಾಹೇಬ್ರು ಫೋನ್ ಇಟ್ಟುಬಿಟ್ರು. ಯಂತ್ರ ಹೋತು, ಒಂದು ತಿಂಗಳು ತಪ್ಪಿತು, ವರ್ಷ ಹಾಳಾತು ಅಂತ ಕಟ್ಟಿ ಮ್ಯಾಲ ಕುಂತುಬಿಟ್ಟೆ. ಖರೇನ ಅಳು ಬಂದಿತ್ತು. ಆಕಿಗೆ ಕೆಟ್ಟನಿಸಿರಬೇಕು, ಒಳಗ ಹೋಗಿ ಹಳೇ ಸೀರಿಯೊಳಗ ಸುತ್ತಿದ ಗಂಟೊಂದು ತಂದಳು.

"ಪೆಟ್ಟಿಗಿ ಮಾತ್ರ ಈಗ ಕೇಳಬ್ಯಾಡ್ರಿ ಅಕ್ಕಾರ. ಒಳಗ ಇದೊಂದು ಇತ್ತು, ಕೋಳಿಗೆ ಚುಚ್ಚತಿತ್ತಂತ ತಗದಿಟ್ಟಿದ್ದೆ. ಇದರ ಏನರೆ ಉಪಯೋಗ ಐತೇನ್ರಿ ನಿಮಗ?"

ಬಿಚ್ಚಿ ನೋಡಿದೆ. ಯಂತ್ರ! ಒಂದು ವಾಯರ್ ಸಹಿತ ಹರಿದಿರಲಿಲ್ಲ. ಆಕೀನ್ನ ತಬ್ಬಿಕೊಂಡೆ, ಕೋಳಿಗೂ ಕೈ ಮುಗದೆ.

ಮರುದಿನ ಬರೇ ಗಂಟು ಹಿಡಕೊಂಡು ಲ್ಯಾಬಿಗೆ ಹೋದೆ. ಸಾಹೇಬ್ರು ಯಂತ್ರ ತಿರುವಿ ಮುರುವಿ ನೋಡಿ, "ಪೆಟ್ಟಿಗಿ ಎಲ್ಲಿ?" ಅಂದ್ರು.

"ಬಾಣಂತನದ ರಜಾ ಮ್ಯಾಲ ಐತ್ರಿ ಸರ್" ಅಂದೆ.