ಏಳನೇ ಕೊಠಡಿಯ ಬಾಗಿಲು ತಟ್ಟುವ ಕುರಿತು

ಹಿರಿಯರ ಆರೈಕೆ ಮನೆ, ಅಧೀಕ್ಷಕರ ಕಚೇರಿ
ಸಂಖ್ಯೆ: ಹಿಆಮ/ಬಾಗಿಲು/ತಟ್ಟು/7

ವಿಷಯ: ನಿವಾಸಿಗಳ ಕೊಠಡಿಗೆ ನುಗ್ಗುವ ಮುನ್ನ ಬಾಗಿಲು ತಟ್ಟುವ ಬಗ್ಗೆ.

ಉಲ್ಲೇಖ: 1. ಏಳನೇ ಕೊಠಡಿಯ ನಿವೃತ್ತ ದಾದಿ ಅಜ್ಜಿಯವರ ಕಿರುಚಾಟ.
2. ಅಧೀಕ್ಷಕರ ವಿಗ್ (ಲಗತ್ತಿಸಿಲ್ಲ).

ಇಲ್ಲಿ ಹಿರಿಯರ ಖಾಸಗಿತನವನ್ನು ಎಷ್ಟು ಚೆನ್ನಾಗಿ ಕಾಪಾಡಲಾಗಿದೆ ಎಂದು ತಪಾಸಣಾ ತಂಡಕ್ಕೆ ತೋರಿಸುವ ಉತ್ಸಾಹದಲ್ಲಿ ಅಧೀಕ್ಷಕರು ಏಳನೇ ಕೊಠಡಿಯ ಬಾಗಿಲನ್ನು ತಟ್ಟದೆಯೇ ತೆರೆದಿರುತ್ತಾರೆ. ಒಳಗೆ ಅಜ್ಜಿಯವರು ಬಟ್ಟೆ ಬದಲಿಸುತ್ತಿದ್ದರು. ಯಾರಾದರೂ ಒಳಗೆ ಬಿದ್ದುಗಿದ್ದಾರು ಎಂಬ ಕಾಳಜಿಯಿಂದ ಎಲ್ಲ ಕೊಠಡಿಗಳ ಒಳಚಿಲಕಗಳನ್ನು ಅಧೀಕ್ಷಕರೇ ಹಿಂದೆ ಕಳಚಿಸಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂಬುದನ್ನು ಒಪ್ಪಿಕೊಳ್ಳಲಾಗಿದೆ.

ಮರುದಿನ ಅಜ್ಜಿಯವರು ಅಧೀಕ್ಷಕರ ಕೊಠಡಿಗೆ ತಟ್ಟದೆಯೇ ಬಂದಾಗ ಕೂದಲು ಮೇಜಿನ ಮೇಲಿದ್ದು, ತಲೆ ಮಾತ್ರ ಸ್ವಸ್ಥಾನದಲ್ಲಿತ್ತು. "ಯಾಕಪ್ಪಾ, ನಾಚಿಕೆ ಆಯ್ತಾ? ನಂಗೂ ಹಂಗೇ ಆಗಿದ್ದು. ನನ್ನ ಚಿಲಕ ವಾಪಸ್ ಹಾಕಿಸ್ಕೊಡು" ಎಂದು ಅವರು ಮೌಖಿಕ ಮನವಿ ಸಲ್ಲಿಸಿರುತ್ತಾರೆ. ಅಧೀಕ್ಷಕರು ತಲೆ ತಗ್ಗಿಸಿದ್ದು, ಅದರಿಂದ ಬೋಳು ಇನ್ನಷ್ಟು ಕಂಡಿದೆ.

ಆದ್ದರಿಂದ ಸಿಬ್ಬಂದಿಗೆ, ಮುಖ್ಯವಾಗಿ ಅಧೀಕ್ಷಕರಿಗೆ, ಅಧೀಕ್ಷಕರಿಂದಲೇ ಈ ಮೂಲಕ ಸೂಚಿಸಲಾಗಿದೆ:

1. ಕೈ ತಟ್ಟುವ ಮೊದಲೇ ಕಾಲು ಒಳಗಿದ್ದಲ್ಲಿ ಅದನ್ನು ತಟ್ಟಿದಂತೆ ಪರಿಗಣಿಸಲಾಗುವುದಿಲ್ಲ.

2. "ಬಾ" ಎಂಬ ಉತ್ತರಕ್ಕೆ ಕಾಯತಕ್ಕದ್ದು. ಕೆಮ್ಮು, ಗೊರಕೆ, ರೇಡಿಯೊ ಇವು ಅನುಮತಿಯಲ್ಲ.

3. ಕಿವಿ ಮಂದವಿರುವವರ ಬಾಗಿಲನ್ನು ಜೋರಾಗಿ ತಟ್ಟಿದಾಗ ಪಕ್ಕದ ಕೊಠಡಿಯವರು "ಬಾ" ಎಂದಲ್ಲಿ, ಅಲ್ಲಿಗೇ ಹೋಗಿ ಕ್ಷೇಮ ವಿಚಾರಿಸಿ ಬರತಕ್ಕದ್ದು.

4. "ನಮ್ಮಜ್ಜಿ ಇದ್ದಂಗೆ, ಸಂಕೋಚ ಏನು?" ಎಂಬ ಸಮಜಾಯಿಷಿಯನ್ನು ಅಜ್ಜಿಯೇ ನೀಡಿದಲ್ಲಿ ಮಾತ್ರ ಅಂಗೀಕರಿಸಲಾಗುವುದು.

5. ರೂಢಿಯಾಗುವವರೆಗೆ ಅಧೀಕ್ಷಕರು ತಮ್ಮ ಬೀರುವನ್ನೂ ತಟ್ಟಿಯೇ ತೆರೆಯತಕ್ಕದ್ದು. ಒಳಗಿನಿಂದ ಉತ್ತರ ಬಂದಲ್ಲಿ ರಜೆಯ ಮೇಲೆ ತೆರಳತಕ್ಕದ್ದು.

6. ಎಲ್ಲ ಕೊಠಡಿಗಳಿಗೂ ಒಳಚಿಲಕ ಹಾಕಿಸಲಾಗುತ್ತಿದ್ದು, ಏಳನೆಯದು ಮುಗಿದಿದೆ. ಅಪಾಯದ ವೇಳೆ ಅವನ್ನು ಹೊರಗಿನಿಂದಲೂ ತೆಗೆಯಬಹುದು. ತಪಾಸಣೆಯು ಅಪಾಯವಲ್ಲ; ಅಧೀಕ್ಷಕರಿಗೆ ಹಾಗೆ ಅನ್ನಿಸಿದರೂ ಅಲ್ಲ.

ಸಹಿ/-
ಅಧೀಕ್ಷಕರು
(ವಿಗ್ ರಹಿತ)

ಪ್ರತಿಗಳು:
1. ತಪಾಸಣಾ ತಂಡಕ್ಕೆ, ಕಂಡದ್ದನ್ನು ಮರೆಯುವ ಕೋರಿಕೆಯೊಂದಿಗೆ.
2. ಬಡಗಿಗೆ, ಮುಂದಿನ ಕ್ರಮಕ್ಕಾಗಿ.
3. ಏಳನೇ ಕೊಠಡಿಯ ಅಜ್ಜಿಯವರಿಗೆ. ಅಧೀಕ್ಷಕರು ಖುದ್ದಾಗಿ ತಲುಪಿಸಲು ಹೋಗಿ ಬಾಗಿಲು ತಟ್ಟಿರುತ್ತಾರೆ. "ಈಗಾಗಲ್ಲ, ಆಮೇಲೆ ಬಾ" ಎಂಬ ಉತ್ತರ ಬಂದಿರುತ್ತದೆ. ಅಧೀಕ್ಷಕರು ಸಂತೋಷದಿಂದ ವಾಪಸಾಗಿರುತ್ತಾರೆ.