ಹೆಡ್‌ಮಾಸ್ತರ ಕುರ್ಚಿ ಎಂಬ ಕಲಿಕೆಯ ಗುರಿ

ಇಳಕಲ್ಲಿನ ನಮ್ಮ ಹೈಸ್ಕೂಲಿನ ಕಂಪ್ಯೂಟರ್ ಕೋಣೆಯಲ್ಲಿ ಆ ಶನಿವಾರ ಮೂವರಿದ್ದೆವು. ಕಂಪ್ಯೂಟರಿನ ಮುಂದೆ ನಾನು, ನನ್ನ ಹೆಗಲ ಹಿಂದೆ ಚಿತ್ರಕಲೆಯ ಮಾಸ್ತರ ಮಹಾಂತಪ್ಪ, ಬಾಗಿಲ ಬಳಿ ಚಹಾ ಕುಡಿಯುತ್ತ ಹೆಡ್‌ಮಾಸ್ತರು. ಶಿಕ್ಷಕರಿಗೆಲ್ಲ ಆನ್‌ಲೈನ್ ತರಬೇತಿ ಶುರುವಾಗಿತ್ತು. ಹಿಂದೊಮ್ಮೆ ಮೌಸಿನ ಹೊಟ್ಟೆ ಬಿಚ್ಚಿ, ಒಳಗಿನ ಗುಂಡು ಒರೆಸಿಕೊಟ್ಟಿದ್ದಕ್ಕೆ ನನಗೆ ಕಂಪ್ಯೂಟರ್ ಪಂಡಿತನೆಂಬ ಬಿರುದು ಬಂದಿತ್ತು. ನಾನೂ ಅದನ್ನು ನಂಬಿದ್ದೆ!

ಹೆಡ್‌ಮಾಸ್ತರ ಮೇಜಿನ ಮೇಲೆ ನನ್ನ ವರ್ಗಾವಣೆಯ ಅರ್ಜಿ ಸಹಿಗಾಗಿ ಕಾದಿತ್ತು. ಮನೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ, ನೌಕರಿ ಇಳಕಲ್ಲಿನಲ್ಲಿ. ದಿನವೂ ಅಮೀನಗಡ, ಹುನಗುಂದ ದಾಟಿ ಬಂದು ಹೋಗಿ ನನ್ನ ಬೆನ್ನು ಬಸ್ಸಿನ ಸೀಟಿನ ಆಕಾರಕ್ಕೆ ತಿರುಗಿತ್ತು. ಆ ಸಹಿಯೊಂದು ಬಿದ್ದರೆ ಸಾಕಿತ್ತು.

ಕೋರ್ಸು ತೆರೆದೊಡನೆ 'ನಿಮ್ಮ ಕಲಿಕೆಯ ಗುರಿಯನ್ನು ಪ್ರಾಮಾಣಿಕವಾಗಿ ಬರೆಯಿರಿ' ಎಂಬ ಚೌಕ ಬಂತು. ಪ್ರಾಮಾಣಿಕವಾಗಿ ಎಂದ ಮೇಲೆ ಸುಳ್ಳು ಬರೆಯುವುದು ಹೇಗೆ? 'ಕಂಪ್ಯೂಟರ್ ಕಲಿತು, ನಮ್ಮ ಹೆಡ್‌ಮಾಸ್ತರ ಕುರ್ಚಿಯಲ್ಲಿ ಕೂರುವುದು' ಎಂದು ಟೈಪಿಸಿ ಗುಂಡಿ ಒತ್ತಿದೆ.

ಮಹಾಂತಪ್ಪ ಕಿವಿಯಲ್ಲಿ ಪಿಸುಗುಟ್ಟಿದ: "ಲೇ, ಇದು ಎಲ್ಲಾರಿಗೂ ಕಾಣತೈತಿ! ಕೆಳಗ ಓದು."

ಓದಿದೆ. ಜಿಲ್ಲೆಯ ಶಿಕ್ಷಕರೆಲ್ಲರಿಗೂ ಕಾಣುತ್ತಿತ್ತು!

"ಅಳಸಲೇ ಲಗೂನ!"

"ಅಳಸೂ ಗುಂಡಿನ ಇಲ್ಲೋ!"

ಗುರಿಯ ಪಕ್ಕದಲ್ಲಿ ಒಂದು ಖಾಲಿ ಚೌಕ ಮಾತ್ರ ಇತ್ತು. ಟಿಕ್ ಹಾಕಿದ ಉತ್ತರಪತ್ರಿಕೆಯನ್ನು ಯಾರೂ ಮತ್ತೆ ಓದುವುದಿಲ್ಲ ಎಂಬುದು ನನ್ನ ಮಾಸ್ತರಿಕೆಯ ಅನುಭವ. ಧೈರ್ಯವಾಗಿ ಟಿಕ್ ಹಾಕಿದೆ.

ಪರದೆಯ ತುಂಬ ಬಣ್ಣದ ಬಲೂನು ಹಾರಿದವು. 'ಅಭಿನಂದನೆಗಳು! ಇವರು ಗುರಿ ಸಾಧಿಸಿದ್ದಾರೆ: ಹೆಡ್‌ಮಾಸ್ತರ ಕುರ್ಚಿಯಲ್ಲಿ ಕೂರುವುದು' ಎಂಬ ಘೋಷಣೆ, ಕೆಳಗೆ ನನ್ನ ಹೆಸರು, ಶಾಲೆಯ ಹೆಸರು. ಚಹಾ ಆರುವಷ್ಟರಲ್ಲಿ ಬಾದಾಮಿಯ ಮಾಸ್ತರೊಬ್ಬರು 'ಪಾರ್ಟಿ ಯಾವಾಗ?' ಎಂದು ಬರೆದರು. ಹುನಗುಂದದ ಟೀಚರೊಬ್ಬರು, 'ಹಳೇ ಹೆಡ್‌ಮಾಸ್ತರರಿಗೆ ಏನಾಯಿತು?' ಎಂದು ಮರುಗಿದರು.

"ಇಬ್ರೂ ಏನ್ ನಡಸೀರಿ? ನಂಗೂ ತೋರಸ್ರಿ," ಎನ್ನುತ್ತ ಹೆಡ್‌ಮಾಸ್ತರು ಎದ್ದು ಬಂದರು.

ಅಷ್ಟರಲ್ಲಿ ಹಿಂದಿನ ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ಗಪ್ಪಾದವು. ಕರೆಂಟು ಹೋಗಿತ್ತು! ಪರದೆ ಕಪ್ಪಾಯಿತು. ನಾನು ಆ ಕತ್ತಲೆಗೆ ಮನಸ್ಸಿನಲ್ಲೇ ಅಡ್ಡಬಿದ್ದೆ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ.

"ಮನಿಯಾಗ ನನ್ನ ಮುಂದ ಒಂದ ಮಾತ ಖರೆ ಹೇಳಂಗಿಲ್ಲ, ಜಿಲ್ಲಾದ ಮುಂದ ಖರೆ ಹೇಳಾಕ ಹೋಗೀರಿ!" ಎಂದಳು. "ಸೋಮವಾರ ಅಮೀನಗಡದಾಗ ಇಳದು ಕರದಂಟ ಒಯ್ರಿ. ಸಿಹಿ ಬಾಯಾಗಿದ್ರ ಬೈಗಳಾರ ಕಡಿಮಿ ಆದಾವು."

ಸೋಮವಾರ ಕರದಂಟಿನ ಡಬ್ಬಿಯನ್ನು ಎದೆಗವಚಿಕೊಂಡು ಹೆಡ್‌ಮಾಸ್ತರ ಕೋಣೆಗೆ ಹೋದೆ. ಮಹಾಂತಪ್ಪ ಆಗಲೇ ಅಲ್ಲಿ ಕೈಕಟ್ಟಿ ನಿಂತಿದ್ದ.

"ಬರ್ರಿ, ಹೆಡ್‌ಮಾಸ್ತರ!" ಎಂದರು ಹೆಡ್‌ಮಾಸ್ತರು. "ಹುನಗುಂದದಿಂದ ಫೋನ್ ಮ್ಯಾಲ ಫೋನು. ನಾ ಯಾವ ದವಾಖಾನ್ಯಾಗ ಅದೇನಿ ಅಂತ ಕೇಳಾಕತ್ತಾರ!"

"ತಪ್ಪಾತ್ರಿ, ಸರ್..."

"ಗುರಿ ಮುಟ್ಟೇನಿ ಅಂತ ಜಿಲ್ಲಾಕ್ಕೆಲ್ಲ ಸಾರೀರಿ. ಅದು ಸುಳ್ಳ ಆಗಬಾರದಲ್ಲ? ಕುಂಡ್ರಿ!" ಎಂದು ತಾವೇ ಎದ್ದು ಕುರ್ಚಿ ತೋರಿಸಿದರು.

ಡಬ್ಬಿ ಹಿಡಿದೇ ಕುಳಿತೆ. ದಿಂಬಿನ ಕೆಳಗೆ ಬೆತ್ತದ ಹೆಣಿಗೆಯೇ ಇರಲಿಲ್ಲ! ಸೊಂಟದವರೆಗೆ ಕುರ್ಚಿಯೊಳಗೆ ಇಳಿದುಹೋದೆ. ಮೊಣಕಾಲು ಗದ್ದಕ್ಕೆ ಬಂದವು. ಮೇಲೆ ಉಳಿದದ್ದು ಕರದಂಟಿನ ಡಬ್ಬಿ ಮತ್ತು ನನ್ನ ಮುಖ.

ಹೆಡ್‌ಮಾಸ್ತರು ಕಣ್ಣೀರು ಬರುವಷ್ಟು ನಕ್ಕರು. ಅವರೊಂದು ಕೈ, ಮಹಾಂತಪ್ಪನೊಂದು ಕೈ ಹಿಡಿದು ನನ್ನನ್ನು ಜಗ್ಗಿ ತೆಗೆದರು.

"ಇದರಾಗ ಬೀಳಲಾರದಂಗ ಕುಂಡ್ರಾಕ ನಂಗ ಭಾಳ ವರ್ಷ ಹಿಡದಾವು. ಇನ್ನೂ ಬೇಕೇನ್ರಿ?"

"ಬ್ಯಾಡ್ರೀ, ಸರ್! ವಿದ್ಯಾಗಿರಿ ಸಾಕ್ರಿ!"

ಅವರು ಡಬ್ಬಿ ಬಿಚ್ಚಿ ಒಂದು ತುಂಡು ಕರದಂಟು ಬಾಯಿಗೆ ಹಾಕಿಕೊಂಡರು. ಅದೇ ಅಂಟುಗೈಯಿಂದ ನನ್ನ ಅರ್ಜಿಗೆ ಸಹಿ ಮಾಡಿದರು. ನಾನು ಸೊಂಟ ಸವರಿಕೊಳ್ಳುತ್ತ ಉಸಿರು ಬಿಟ್ಟೆ.

ಜೂನಿನಲ್ಲಿ ವರ್ಗವಾಯಿತು. ವಿದ್ಯಾಗಿರಿಯ ಹೊಸ ಶಾಲೆಯಲ್ಲಿ ಮೊದಲ ದಿನ ಎಲ್ಲರೂ ಎದ್ದು ನಿಂತು, ನನಗೊಂದು ಕುರ್ಚಿ ಎಳೆದು ಕೊಟ್ಟರು. ನಾನು ದಿಂಬು ಎತ್ತಿ ನೋಡಿ, ಕುಳಿತೆ.